ಊರಿನವರೇ ಒತ್ತಿದ ಮಣ್ಣಿನ ಬಿಲ್ಲೆಗಳು: ಕಾಂಪ್ಟನ್ ಹಳ್ಳಿಯ ಕಥೆ

ಪುಣೆಯಿಂದ ಮಾತಾಡ್ತಾ ಇದ್ದೀನಿ. ಕಳೆದ ಕೆಲವು ವಾರ ಸಂಬಳ, ಸಾಲ, ಮನೆ ಖರೀದಿ ಅಂತ ಬರೀ ಲೆಕ್ಕದ ಮಾತೇ ಆಯ್ತು. ಇವತ್ತು ಸ್ವಲ್ಪ ಮಣ್ಣಿನ ಬಗ್ಗೆ ಮಾತಾಡೋಣ.

ಮೊದಲು ಒಂದು ಪ್ರಶ್ನೆ. ನೀವು ಈಗ ಇರುವ ಜಾಗದಲ್ಲಿ, ಅದು ಮುಂಬಯಿ ಇರಲಿ, ಚೆನ್ನೈ ಇರಲಿ, ಗಚ್ಚಿಬೌಲಿ ಇರಲಿ, "ಇದು ನಮ್ಮ ಜಾಗ" ಅಂತ ಹೇಳುವ ಒಂದು ವಸ್ತು ಇದೆಯಾ? ಮನೆಯೊಳಗಿನದ್ದು ಬಿಡಿ, ಹೊರಗೆ, ಎಲ್ಲರಿಗೂ ಕಾಣುವಂಥದ್ದು. ನಮ್ಮ ಸೊಸೈಟಿ ಗೇಟಿನಲ್ಲಿ ಗ್ರಾನೈಟ್ ಮೇಲೆ ಹೊಂಬಣ್ಣದ ಇಂಗ್ಲಿಷ್ ಅಕ್ಷರಗಳಿವೆ. ಬಿಲ್ಡರ್ ಹಾಕಿಸಿದ್ದು. ಹೆಸರು ಇಟಲಿ ಕಡೆಯದು. ಆ ಹೆಸರಿಗೂ ಅಲ್ಲಿರುವ 200 ಮನೆಗಳಿಗೂ ಏನೂ ಸಂಬಂಧ ಇಲ್ಲ. ಅದಕ್ಕೂ ಮೊದಲು ಅಲ್ಲಿ ಹೊಲ ಇಟ್ಟುಕೊಂಡಿದ್ದ ಊರಿನವರಿಗಂತೂ ಇಲ್ಲವೇ ಇಲ್ಲ. ನಾನು 11 ವರ್ಷದಿಂದ ಆ ಗೇಟಿನಲ್ಲಿ ಒಳಗೆ ಹೊರಗೆ ಓಡಾಡ್ತಾ ಇದ್ದೀನಿ. "ನಿಮ್ಮ ಊರು ಯಾವುದು?" ಅಂತ ಯಾರಾದರೂ ಕೇಳಿದರೆ ಇವತ್ತಿಗೂ ಬಾಯಲ್ಲಿ ದಾವಣಗೆರೆ ಅಂತಲೇ ಬರುತ್ತೆ. ನನ್ನ ಮಗಳು ಮಾತ್ರ ಉತ್ತರ ಕೊಡುವ ಮುಂಚೆ ಒಂದು ಗಳಿಗೆ ತಡೆಯುತ್ತಾಳೆ. ಅಜ್ಜಿ ಇರೋ ದಾವಣಗೆರೆ ಅನ್ನಬೇಕಾ, ತಾನು ಹುಟ್ಟಿದ ಪುಣೆ ಅನ್ನಬೇಕಾ ಅಂತ.

ಒಂದು ಜಾಗ ನಮ್ಮದಾಗುವುದು ಹೇಗೆ? ರಿಜಿಸ್ಟ್ರೇಷನ್ ಆದರೆ ಸಾಕಾ? ಇಎಂಐ ಮುಗಿದರೆ ಸಾಕಾ? ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿ ಇದಕ್ಕೆ ಸುಮಾರು 130 ವರ್ಷ ಹಿಂದೆ ಒಂದು ಉತ್ತರ ಕೊಟ್ಟಿದೆ. ನನಗೆ ಆ ಉತ್ತರ ತುಂಬಾ ಹಿಡಿಸಿತು. ಅದನ್ನೇ ಇವತ್ತು ಬಿಡಿಸಿ ಹೇಳ್ತೀನಿ.

ಹಳ್ಳಿಯ ಹೆಸರು ಕಾಂಪ್ಟನ್. ಲಂಡನ್ನಿನ ನೈರುತ್ಯಕ್ಕೆ, ಸರ್ರೆ ಕೌಂಟಿಯಲ್ಲಿ, ಗಿಲ್ಡ್‌ಫರ್ಡ್ ಪಟ್ಟಣದ ಪಕ್ಕದಲ್ಲಿದೆ. ನಮ್ಮಲ್ಲಿ ಆನ್‌ಸೈಟ್ ಅಂತ ಆ ಕಡೆ ಹೋದವರು ಬಹಳ ಜನ ಇದ್ದೀರಿ, ಗಿಲ್ಡ್‌ಫರ್ಡ್, ವೋಕಿಂಗ್ ಅಂದರೆ ಗೊತ್ತಾಗುತ್ತೆ. ನಾನೂ ಹಾಗೆ ಹೋಗಿದ್ದಾಗ ಒಂದು ಶನಿವಾರ ಬಸ್ ಹತ್ತಿ ಹೋಗಿ ನೋಡಿ ಬಂದೆ. ಗುಡ್ಡದ ಇಳಿಜಾರಿನಲ್ಲಿ ಒಂದು ಸ್ಮಶಾನ. ಮೇಲ್ಗಡೆ ಕೆಂಪಗೆ ಒಂದು ಗುಂಡನೆಯ ಕಟ್ಟಡ. ಅದು ವಾಟ್ಸ್ ಚಾಪೆಲ್. ಹೂಳುವ ಮೊದಲು ಕಡೆಯ ಪ್ರಾರ್ಥನೆ ಮಾಡುವ ಸಣ್ಣ ಗುಡಿ ಅಂದುಕೊಳ್ಳಿ. ದೂರದಿಂದ ನೋಡಿದರೆ ಇಟ್ಟಿಗೆ ಕಟ್ಟಡ, ಅಷ್ಟೇ. ಹತ್ತಿರ ಹೋದರೆ ಗೋಡೆ ತುಂಬಾ ಸುಟ್ಟ ಮಣ್ಣಿನ ಚಿತ್ತಾರ: ಬಳ್ಳಿ, ಗಂಟು, ಹಕ್ಕಿ, ದುಂಡನೆಯ ಬಿಲ್ಲೆಗಳು. ಬಾಗಿಲ ಕಮಾನಿನ ಮೇಲೆ ಸಾಲು ಸಾಲು ದೇವದೂತರ ಮುಖಗಳು.

ಇದರಲ್ಲಿ ವಿಶೇಷ ಏನು ಅಂದ್ರೆ, ಈ ಮಣ್ಣಿನ ಕೆಲಸವನ್ನು ಯಾವ ಕಂಪನಿಯಿಂದಲೂ ತರಿಸಿದ್ದಲ್ಲ. ಆ ಊರಿನ 74 ಜನ ಕೂತು ಕೈಯಲ್ಲಿ ಮಾಡಿದ್ದು. ಅವರು ವೃತ್ತಿಯಿಂದ ಕಲಾವಿದರಾಗಿರಲಿಲ್ಲ. ಬಿಡುವಿನ ಹೊತ್ತಿನಲ್ಲಿ ಬಂದು ಕಲಿತವರು.

ಇದು ಶುರುವಾದದ್ದು ಒಂದು ಸಾದಾ ಕಾರಣಕ್ಕೆ. ಹಳೆಯ ಚರ್ಚಿನ ಅಂಗಳದಲ್ಲಿ ಹೂಳಲು ಜಾಗ ಸಾಲದಾಯಿತು. 1895ರಲ್ಲಿ ಊರಿನ ಕೌನ್ಸಿಲ್ ಹೊಸ ಸ್ಮಶಾನಕ್ಕೆ ಜಮೀನು ತೆಗೆದುಕೊಂಡಿತು. ಆ ಹೊತ್ತಿಗೆ ಊರಿನಲ್ಲಿ ಒಂದು ಪ್ರಸಿದ್ಧ ದಂಪತಿ ಬಂದು ನೆಲೆಸಿದ್ದರು. ಗಂಡ ಜಾರ್ಜ್ ಫ್ರೆಡರಿಕ್ ವಾಟ್ಸ್, ಆ ಕಾಲದ ಇಂಗ್ಲೆಂಡಿನ ಬಹು ದೊಡ್ಡ ಚಿತ್ರಕಾರ. ಹೆಂಡತಿ ಮೇರಿ ವಾಟ್ಸ್. 1886ರಲ್ಲಿ ಮದುವೆಯಾದಾಗ ಅವರಿಗೆ 69, ಇವರಿಗೆ 36. ಲಂಡನ್ನಿನ ಚಳಿ, ಹೊಗೆ ಮುದುಕರಿಗೆ ಆಗುತ್ತಿರಲಿಲ್ಲ ಅಂತ ಕಾಂಪ್ಟನ್ನಿನಲ್ಲಿ ಲಿಮ್ನರ್ಸ್‌ಲೀಸ್ ಅನ್ನುವ ಮನೆ ಕಟ್ಟಿಸಿಕೊಂಡಿದ್ದರು. ಹೊಸ ಸ್ಮಶಾನಕ್ಕೆ ಒಂದು ಚಾಪೆಲ್ ನಾವೇ ಕಟ್ಟಿಕೊಡ್ತೀವಿ ಅಂತ ಈ ದಂಪತಿ ಮುಂದೆ ಬಂದರು. ದುಡ್ಡು ಗಂಡನ ಚಿತ್ರಗಳಿಂದ ಬಂತು. ಯೋಜನೆ, ವಿನ್ಯಾಸ, ಓಡಾಟ ಎಲ್ಲ ಮೇರಿಯದು.

ಈ ಮೇರಿ ಯಾರು ಅಂತ ಒಂದು ನಿಮಿಷ ನೋಡೋಣ. ಅದು ನಮಗೆ ಬೇಕಾದ ವಿಷಯ. ಅವರು ಹುಟ್ಟಿದ್ದು 1849ರಲ್ಲಿ, ನಮ್ಮ ಭಾರತದಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದರು. ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ, ಅಜ್ಜ ಅಜ್ಜಿಯ ಮನೆಯಲ್ಲಿ. ಆಮೇಲೆ ಲಂಡನ್ನಿನಲ್ಲಿ ಕಲೆ ಕಲಿತರು. ಕಾಂಪ್ಟನ್ನಿಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಅಂದ್ರೆ ಆ ಊರಿನ ಗುರುತು ಅಂತ ಇವತ್ತು ಯಾವುದನ್ನು ತೋರಿಸ್ತಾರೋ ಅದಕ್ಕೆ ಕೈ ಹಾಕಿದವರು ಆ ಊರಿಗೆ ಹೊರಗಿನವರು. ಮೂರು ಕಡೆ ಬೇರು ಕಿತ್ತು ನೆಟ್ಟವರು.

ಲಂಡನ್ನಿನಲ್ಲಿದ್ದಾಗಲೇ ಮೇರಿ ವೈಟ್‌ಚಾಪೆಲ್ ಅನ್ನುವ ಬಡವರ ಪೇಟೆಯಲ್ಲಿ, ರಸ್ತೆಯಲ್ಲಿ ಬೂಟು ಪಾಲಿಶ್ ಮಾಡುವ ಹುಡುಗರಿಗೆ ಜೇಡಿಮಣ್ಣಿನ ಕೆಲಸ ಹೇಳಿಕೊಡುತ್ತಿದ್ದರು. ಆ ಕಾಲಕ್ಕೆ ಅಲ್ಲಿ ಒಂದು ಚಳವಳಿಯೇ ನಡೆದಿತ್ತು. 1884ರಲ್ಲಿ ಶುರುವಾದ ಹೋಮ್ ಆರ್ಟ್ಸ್ ಅಂಡ್ ಇಂಡಸ್ಟ್ರೀಸ್ ಅಸೋಸಿಯೇಷನ್ ಅನ್ನುವ ಸಂಘ, ಹಳ್ಳಿ ಹಳ್ಳಿಯಲ್ಲಿ ಸಂಜೆ ತರಗತಿ ನಡೆಸಿ ಮರಗೆಲಸ, ಲೋಹದ ಕೆಲಸ, ನೇಯ್ಗೆ ಕಲಿಸುತ್ತಿತ್ತು. ಕಾರ್ಖಾನೆ ಬಂದು ಕೈಕಸುಬು ಸಾಯುತ್ತಾ ಇದ್ದ ಕಾಲ ಅದು. ಎಐ ಬಂತು, ನಮ್ಮ ಕೆಲಸದ ಗತಿ ಏನು ಅಂತ ಊಟದ ಹೊತ್ತಿಗೆ ನಾವು ಮಾತಾಡಿಕೊಳ್ತೀವಲ್ಲ, ಆ ಥರದ್ದೇ ಒಂದು ಕಳವಳ.

ಮೇರಿ ಕಾಂಪ್ಟನ್ನಿನಲ್ಲಿ ಗುರುವಾರ ಸಂಜೆ ತಮ್ಮ ಮನೆಯಲ್ಲೇ ತರಗತಿ ಶುರು ಮಾಡಿದರು. ಮಣ್ಣು ಎಲ್ಲಿಂದ? ಅದೇ ಮನೆಯ ಜಮೀನಿನಲ್ಲಿ ಒಳ್ಳೆಯ ಜೇಡಿಮಣ್ಣು ಸಿಕ್ಕಿತು. ಆ ಊರಿನ ನೆಲ, ಆ ಊರಿನ ಕೈ, ಆ ಊರಿನವರನ್ನೇ ಮಲಗಿಸುವ ಜಾಗ. ಮೂರೂ ಒಂದೇ ಕಡೆ ಕೂಡಿದವು.

ಈಗ ಕೆಲಸ ಹೇಗಿರುತ್ತೆ ಅಂತ ಹೇಳ್ತೀನಿ. ಸುಟ್ಟ ಮಣ್ಣಿನ ಬಿಲ್ಲೆ ಮಾಡೋದು ನೋಡಲು ಸುಲಭ, ಆದರೆ ಅದಕ್ಕೆ ಅದರದ್ದೇ ಶಿಸ್ತು ಇದೆ. ಅಗೆದು ತಂದ ಮಣ್ಣಿನಲ್ಲಿ ಕಲ್ಲು, ಬೇರು ಇರುತ್ತೆ. ನೀರಲ್ಲಿ ನೆನೆಸಿ, ಸೋಸಿ, ಹದಕ್ಕೆ ಬರುವ ತನಕ ಚೆನ್ನಾಗಿ ಮಿದಿಯಬೇಕು. ಮಿದಿಯದೇ ಇದ್ದರೆ ಒಳಗೆ ಗಾಳಿ ಉಳಿಯುತ್ತೆ. ಆಮೇಲೆ ಚಪಾತಿ ಲಟ್ಟಿಸಿದ ಹಾಗೆ ದಪ್ಪಗೆ, ಎಲ್ಲ ಕಡೆ ಒಂದೇ ಸಮ ಹರಡಿ, ಮೇಲೆ ಚಿತ್ತಾರ ಕೆತ್ತಬಹುದು. ಇಲ್ಲಾ ಅಚ್ಚಿನಲ್ಲಿ ಒತ್ತಿ ತೆಗೆಯಬಹುದು. ದಪ್ಪ ಬಿಲ್ಲೆಯಾದರೆ ಹಿಂಭಾಗದಲ್ಲಿ ಮಣ್ಣು ಕೆರೆದು ಪೊಳ್ಳು ಮಾಡಬೇಕು. ಇಲ್ಲದಿದ್ದರೆ ಹೊರಗೆ ಒಣಗಿ, ಒಳಗೆ ಹಸಿ ಉಳಿದು, ಬಿರುಕು ಬಿಡುತ್ತೆ.

ಒಣಗಿಸುವುದು ನೆರಳಿನಲ್ಲಿ, ನಿಧಾನಕ್ಕೆ. ಒಂದು ವಾರ, ಎರಡು ವಾರ. ಅವಸರ ಮಾಡಿ ಬಿಸಿಲಿಗಿಟ್ಟರೆ ಅಂಚು ಮೇಲೆದ್ದು ಸೊಟ್ಟಗಾಗುತ್ತೆ. ಕಡೆಗೆ ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆವಿಗೆಯಲ್ಲಿ ಸುಡಬೇಕು. ಒಣಗುವಾಗ, ಸುಡುವಾಗ ಎರಡೂ ಸೇರಿ ಬಿಲ್ಲೆ ಹತ್ತು ಪರ್ಸೆಂಟಿನಷ್ಟು ಕುಗ್ಗಬಹುದು. ಗೋಡೆಯಲ್ಲಿ ಸರಿಯಾಗಿ ಕೂರಬೇಕಾದರೆ ಮೊದಲೇ ಅಷ್ಟು ದೊಡ್ಡದಾಗಿ ಮಾಡಿರಬೇಕು. ಒಬ್ಬರು ಸರಿಯಾಗಿ ಮಾಡಿ ಇನ್ನೊಬ್ಬರು ಅಳತೆ ತಪ್ಪಿದರೆ ಸಾಲು ಕೂಡುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪ್ರತಿಯೊಬ್ಬರದ್ದೂ ಬೇರೆ ಬೇರೆ ಮಾಡ್ಯೂಲ್, ಆದರೆ ಇಂಟಿಗ್ರೇಷನ್ ಗೋಡೆ ಮೇಲೆ!

ಕಟ್ಟಡ ಎದ್ದದ್ದು 1896ರಿಂದ 1898ರ ನಡುವೆ. ಬುನಾದಿಯ ಆಕಾರಕ್ಕೂ ಅರ್ಥ ಇದೆ. ಒಂದು ವೃತ್ತ, ಅದನ್ನು ಹಾದು ಹೋಗುವ ಒಂದು ಶಿಲುಬೆ. ವೃತ್ತ ಅಂದರೆ ಕೊನೆಯಿಲ್ಲದ ಕಾಲ, ಶಿಲುಬೆ ಅಂದರೆ ನಂಬಿಕೆ. ಹೊರಗೋಡೆಯ ಪಟ್ಟಿಗಳಲ್ಲಿ ನಾಲ್ಕು ವಿಷಯ: ಭರವಸೆ, ಸತ್ಯ, ಪ್ರೀತಿ, ಬೆಳಕು. ಸುತ್ತ ಹೆಣೆದ ಗಂಟು ಗಂಟಿನ ಚಿತ್ತಾರ ಕೆಲ್ಟಿಕ್ ಶೈಲಿಯದು. ನಮ್ಮ ಚುಕ್ಕಿ ರಂಗೋಲಿಯಲ್ಲಿ ಎಳೆ ಎತ್ತಿ ಬಿಡದೆ ಸುತ್ತಿ ಬರುತ್ತಲ್ಲ, ಹಾಗೆ. ಮೇರಿ ಇದನ್ನು ತಾನು ಬೆಳೆದ ಸ್ಕಾಟ್ಲೆಂಡಿನ ನೆನಪಿನಿಂದ ತಂದರು. ಇಂಗ್ಲಿಷ್ ಹಳ್ಳಿಯ ಮಣ್ಣಿನ ಮೇಲೆ ಸ್ಕಾಟಿಷ್ ಬಾಲ್ಯದ ಎಳೆ. ಅದನ್ನು ಒತ್ತಿದ ಕೈಗಳು ಕಾಂಪ್ಟನ್ನಿನವು. ತವರನ್ನು ಮರೆಯದೆ ಇದ್ದ ಊರನ್ನು ಸೇರಿಕೊಳ್ಳುವುದು ಸಾಧ್ಯ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಒಳಗಿನ ಕೆಲಸ ಮುಗಿದದ್ದು 1904ರಲ್ಲಿ. ಹೊರಗೆ ಬರೀ ಕೆಂಪು, ಒಳಗೆ ಹೋದರೆ ಬಣ್ಣ, ಹೊನ್ನು. ಇಲ್ಲಿ ಬಳಸಿದ್ದು ಗೆಸ್ಸೋ. ನಾರನ್ನು ಪ್ಲಾಸ್ಟರ್ ನೀರಿನಲ್ಲಿ ಅದ್ದಿ, ಉಬ್ಬಾಗಿ ರೂಪ ಕೊಟ್ಟು, ಒಣಗಿದ ಮೇಲೆ ಬಣ್ಣ ಹಾಕುವ ವಿಧಾನ. ಸುತ್ತಲೂ ರೆಕ್ಕೆಯ ದೂತರು ನಿಂತಿದ್ದಾರೆ, ಒಬ್ಬರು ಬೆಳಕಿನ ಕಡೆಯವರು, ಪಕ್ಕದವರು ಕತ್ತಲೆಯ ಕಡೆಯವರು. ಅವರು ಹಿಡಿದ ದುಂಡು ಬಿಲ್ಲೆಗಳಲ್ಲಿ ಜೋಡಿ ಜೋಡಿ ಅರ್ಥಗಳು: ಹಗಲು ಮತ್ತು ರಾತ್ರಿ, ಬೆಳೆಯುವುದು ಮತ್ತು ಬಾಡುವುದು, ಬದುಕು ಮತ್ತು ಸಾವು. ಸತ್ತವರನ್ನು ಬೀಳ್ಕೊಡಲು ಬಂದವರ ಕಣ್ಣಿಗೆ ಬೀಳುವುದು ಇದು. ಕತ್ತಲೆ ಇಲ್ಲ ಅಂತ ಆ ಬಿಲ್ಲೆಗಳು ಸುಳ್ಳು ಹೇಳಲ್ಲ. ಕತ್ತಲೆಯ ಪಕ್ಕದಲ್ಲಿ ಇನ್ನೊಂದಿದೆ ಅಂತ ಮಾತ್ರ ತೋರಿಸುತ್ತವೆ. ಈ ಚಿಹ್ನೆಗಳು ಜನಕ್ಕೆ ಅರ್ಥವಾಗಲಿ ಅಂತ ಮೇರಿ "ದಿ ವರ್ಡ್ ಇನ್ ದ ಪ್ಯಾಟರ್ನ್" ಅನ್ನುವ ಪುಸ್ತಕವನ್ನೂ ಬರೆದರು. ಇದು ಸಂಕೇತಗಳ ಡಾಕ್ಯುಮೆಂಟೇಷನ್ ಅಂದುಕೊಳ್ಳಿ. ಅದೇ 1904ರ ಜುಲೈನಲ್ಲಿ ಜಾರ್ಜ್ ವಾಟ್ಸ್ ತೀರಿಕೊಂಡರು. ಅವರ ಕಡೆಯ ಕೆಲಸಗಳಲ್ಲಿ ಒಂದಾದ "ದಿ ಆಲ್ ಪರ್ವೇಡಿಂಗ್" ಚಿತ್ರ ಆ ಚಾಪೆಲ್ಲಿನ ಒಳಗೇ ಇದೆ.

ಈಗ ನಿಮ್ಮಲ್ಲಿ ಕೆಲವರಿಗೆ ಒಂದು ಅನುಮಾನ ಬಂದಿರುತ್ತೆ, ನನಗೂ ಬಂತು. ಇದು ಊರಿನ ಆತ್ಮ ಹೇಗಾಗುತ್ತೆ ಸ್ವಾಮಿ? ಚಿತ್ರ ಬರೆದವರು ದೊಡ್ಡ ಮನೆಯ ಅಮ್ಮಾವ್ರು. ಹಳ್ಳಿಯವರು ಹೇಳಿದ್ದನ್ನು ಒತ್ತಿದರು. ದುಡ್ಡೂ ಅವರದ್ದೇ, ಐಡಿಯಾನೂ ಅವರದ್ದೇ. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಆಫೀಸಿನಲ್ಲೂ ಮೇಲಿನವರು ಸ್ಲೈಡ್ ಮಾಡಿ "ಇದು ನಮ್ಮೆಲ್ಲರ ಸಂಸ್ಕೃತಿ" ಅಂತ ಟಿ-ಶರ್ಟ್ ಹಂಚುವುದನ್ನು ನೋಡಿದ್ದೀವಿ. ಆ ಟಿ-ಶರ್ಟ್ ಆರು ತಿಂಗಳಲ್ಲಿ ಬೈಕ್ ಒರೆಸುವ ಬಟ್ಟೆ ಆಗುತ್ತೆ.

ಹಾಗಾದರೆ ಕಾಂಪ್ಟನ್ ಯಾಕೆ ಬೇರೆ? ಕಟ್ಟಡ ಮುಗಿದ ಮೇಲೆ ಏನಾಯಿತು ಅಂತ ನೋಡಬೇಕು. ಗುರುವಾರದ ತರಗತಿ ನಿಲ್ಲಲಿಲ್ಲ. ಕಲಿತವರು ಸೇರಿ ಕುಂಬಾರಿಕೆಯ ಸಂಘವೇ ಆಯಿತು, ಪಾಟರ್ಸ್ ಆರ್ಟ್ಸ್ ಗಿಲ್ಡ್. ತೋಟದ ಕುಂಡ, ಸೂರ್ಯಗಡಿಯಾರ, ಅಲಂಕಾರದ ವಸ್ತುಗಳನ್ನು ಮಾಡಿದರು. ಲಂಡನ್ನಿನ ಲಿಬರ್ಟಿ ಅಂಗಡಿಯಲ್ಲಿ ಅವರ ಮಾಲು ಮಾರಾಟವಾಯಿತು. ದೂರದಿಂದ ಕಲಿಯಲು ಬಂದ ಹುಡುಗರಿಗೆ ಉಳಿಯುವ ವ್ಯವಸ್ಥೆಯೂ ಆಯಿತು. ಮೇರಿ 1938ರಲ್ಲಿ ತೀರಿಕೊಂಡರು. ಕುಂಬಾರಿಕೆ ಮಾತ್ರ 1950ರ ದಶಕದ ತನಕ ನಡೆಯಿತು. ಅಂದ್ರೆ ಶುರು ಮಾಡಿದವರು ಹೋದ ಮೇಲೂ ಅದು ಬದುಕಿತ್ತು. ಅಮ್ಮಾವ್ರ ಹವ್ಯಾಸ ಮಾತ್ರ ಆಗಿದ್ದರೆ ಅವರ ಜೊತೆಗೇ ಹೋಗಬೇಕಿತ್ತು, ಅಲ್ವಾ?

ಇನ್ನೊಂದು ಗುರುತು ಆ ಸ್ಮಶಾನದಲ್ಲೇ ಇದೆ. ಸಮಾಧಿಗಳ ನಡುವೆ ಓಡಾಡಿದರೆ ಕಲ್ಲಿನ ಜೊತೆ ಜೊತೆಗೆ ಸುಟ್ಟ ಮಣ್ಣಿನ ಸಮಾಧಿ ಗುರುತುಗಳು ಕಾಣುತ್ತವೆ. ಆ ಸಂಘದಲ್ಲೇ ತಯಾರಾದವು. ಮನೆಯವರು ತೀರಿಕೊಂಡಾಗ ಜನ ಅದೇ ಕೆಂಪು ಮಣ್ಣಿನಲ್ಲಿ ಹೆಸರು ಬರೆಸಿದರು. ದುಃಖದ ಹೊತ್ತಿನಲ್ಲಿ ಯಾರೂ ಬೇರೆಯವರ ಬ್ರ್ಯಾಂಡ್ ಆರಿಸಿಕೊಳ್ಳಲ್ಲ. ತಮ್ಮದು ಅನ್ನಿಸಿದ್ದನ್ನೇ ಆರಿಸಿಕೊಳ್ತಾರೆ. ಲೇಖಕ ಆಲ್ಡಸ್ ಹಕ್ಸ್‌ಲಿ ಅಮೆರಿಕದಲ್ಲಿ ತೀರಿಕೊಂಡರೂ ಅವರ ಚಿತಾಭಸ್ಮ ಬಂದು ಸೇರಿದ್ದು ಇದೇ ಸ್ಮಶಾನದಲ್ಲಿರುವ ಅವರ ಮನೆತನದ ಸಮಾಧಿಗೆ.

ಹೋಲಿಕೆಗೆ ಅದೇ ವಾಟ್ಸ್ ಅವರ ಇನ್ನೊಂದು ಕೆಲಸ ನೋಡೋಣ. ಲಂಡನ್ನಿನ ಪೋಸ್ಟ್‌ಮನ್ಸ್ ಪಾರ್ಕ್‌ನಲ್ಲಿ ಒಂದು ಸ್ಮಾರಕ ಗೋಡೆ ಇದೆ. ಬೇರೆಯವರ ಪ್ರಾಣ ಉಳಿಸಲು ಹೋಗಿ ಸತ್ತ ಸಾಮಾನ್ಯ ಜನರ ಹೆಸರಿನ ಪಿಂಗಾಣಿ ಫಲಕಗಳು ಅಲ್ಲಿವೆ. 1900ರಲ್ಲಿ ತೆರೆದಾಗ 120 ಫಲಕಕ್ಕೆ ಜಾಗ ಇಟ್ಟಿದ್ದರು, ಕೂರಿಸಿದ್ದು ನಾಲ್ಕು. ಫಲಕಗಳನ್ನು ಮೊದಲು ವಿಲಿಯಂ ಡಿ ಮಾರ್ಗನ್ ಅನ್ನುವ ಹೆಸರಾಂತ ಕುಶಲಕರ್ಮಿಯಿಂದ, ನಂತರ ಡೌಲ್ಟನ್ ಕಾರ್ಖಾನೆಯಿಂದ ಮಾಡಿಸಿದರು. 1931ರ ಹೊತ್ತಿಗೆ 53ಕ್ಕೆ ಬಂದು ಕೆಲಸ ನಿಂತಿತು. ಇನ್ನೊಂದು ಸೇರಿದ್ದು 2009ರಲ್ಲಿ. ಆಶಯ ಬಹಳ ದೊಡ್ಡದು, ಓದಿದರೆ ಇವತ್ತಿಗೂ ಗಂಟಲು ಕಟ್ಟುತ್ತೆ. ಆದರೆ ಅದು ಆರ್ಡರ್ ಕೊಟ್ಟು ಮಾಡಿಸಿದ ಕೆಲಸ. ಸುತ್ತಮುತ್ತ ಅದನ್ನು ಮುಂದುವರಿಸುವ ಕೈಗಳು ತಯಾರಾಗಿರಲಿಲ್ಲ. ಕಾಂಪ್ಟನ್ನಿನಲ್ಲಿ ತಯಾರಾದವು. ನನ್ನ ಮಟ್ಟಿಗೆ ಎರಡಕ್ಕೂ ಇರುವ ವ್ಯತ್ಯಾಸ ಇದೇ.

ಹಾಗಾಗಿ ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಊರಿನ ಆತ್ಮ ಅನ್ನೋದು ಎಲ್ಲೋ ಮೊದಲೇ ಇದ್ದು, ಅದನ್ನು ಹುಡುಕಿ ಬಿಲ್ಲೆಯ ಮೇಲೆ ಬಿಡಿಸುವುದಲ್ಲ. ಜನ ಒಟ್ಟಿಗೆ ಕೂತು ಬಿಲ್ಲೆ ಒತ್ತುವಾಗಲೇ ಅದು ಹುಟ್ಟುತ್ತೆ. ಅದಕ್ಕೆ ಹೊರಗಿನಿಂದ ಬಂದವರೂ ಚಾಲನೆ ಕೊಡಬಹುದು. ಕೊಟ್ಟ ಮೇಲೆ ಬಿಟ್ಟುಕೊಡಲೂ ಗೊತ್ತಿರಬೇಕು.

ನಮಗೆ ಇದರಿಂದ ಏನು ಅಂತೀರಾ? ನಮ್ಮ ಬಹಳಷ್ಟು ಸೊಸೈಟಿಗಳಲ್ಲಿ ಈಗ ಮಕ್ಕಳ ಕೈಲಿ ಮಣ್ಣಿನ ಗಣಪತಿ ಮಾಡಿಸ್ತಾರೆ. ಒಳ್ಳೆಯದು. ಆದರೆ ಗಣಪತಿ ಕರಗಬೇಕು, ಅದು ಆ ಹಬ್ಬದ ಧರ್ಮ. ಅದರ ಜೊತೆಗೆ ಉಳಿಯುವ ಒಂದು ಕೆಲಸವೂ ಇರಲಿ ಅಂತ ನನ್ನ ಆಸೆ. ದೊಡ್ಡ ಚಾಪೆಲ್ ಬೇಡ. ಪಾರ್ಕಿಂಗ್ ಪಕ್ಕದ ಹತ್ತು ಅಡಿ ಗೋಡೆ ಸಾಕು. ಮನೆಗೊಂದು ಬಿಲ್ಲೆ. ಅಂಗೈ ಅಗಲ.

ಸುಡುವುದು ಎಲ್ಲಿ ಅನ್ನೋ ಚಿಂತೆ ಬೇಡ. ಪುಣೆಯ ಕಸಬಾ ಪೇಟೆಯಲ್ಲಿ ಕುಂಭಾರವಾಡಾ ಇದೆ. ಮುಂಬಯಿಯವರಿಗೆ ಧಾರಾವಿಯ ಕುಂಭಾರವಾಡಾ, ದೆಹಲಿಯವರಿಗೆ ಉತ್ತಮ್ ನಗರದ ಕುಮ್ಹಾರ್ ಗ್ರಾಮ, ಚೆನ್ನೈನವರಿಗೆ ಕೊಸಪೇಟ್ಟೈ. ಅವರನ್ನು ಬರೀ ಆವಿಗೆಗೆ ಬಾಡಿಗೆ ಕೊಟ್ಟು ಕಳಿಸಬೇಡಿ, ಗುರುಗಳಾಗಿ ಕರೆಯಿರಿ, ತಕ್ಕ ಸಂಭಾವನೆ ಕೊಡಿ. ಆ ನಗರದ ಮಣ್ಣು ನಮಗಿಂತ ಅವರಿಗೆ ಗೊತ್ತು.

ಇನ್ನೊಂದು ಮಾತು ಹೇಳಲೇಬೇಕು. ಬಿಲ್ಲೆ ಮಾಡುವವರ ಪಟ್ಟಿಯಲ್ಲಿ ಫ್ಲ್ಯಾಟ್ ಓನರ್‌ಗಳು ಮಾತ್ರ ಇದ್ದರೆ ಅದು ಮತ್ತೆ ಬಿಲ್ಡರ್ ಬೋರ್ಡೇ ಆಗುತ್ತೆ. ಬಾಡಿಗೆಯವರು ಇರಲಿ. ಬಿಹಾರದಿಂದ ಬಂದ ವಾಚ್‌ಮನ್ ಭಯ್ಯಾ ಇರಲಿ, ಮನೆಕೆಲಸಕ್ಕೆ ಬರುವ ಮಾವಶಿ ಇರಲಿ. ಮುಖ್ಯವಾಗಿ, ನಾವಿರುವ ನೆಲದಲ್ಲಿ ಮೊದಲು ಬೆಳೆ ತೆಗೆದ ಆ ಊರಿನ ಅಜ್ಜ ಅಜ್ಜಿಯರನ್ನು ಕರೆಯಿರಿ. ಇಲ್ಲಿ ಏನು ಬೆಳೀತಿತ್ತು, ಯಾವ ಹಕ್ಕಿ ಬರ್ತಿತ್ತು, ಬಾವಿ ಎಲ್ಲಿತ್ತು ಅಂತ ಕೇಳಿ ಅದನ್ನು ಬಿಲ್ಲೆಯ ಮೇಲೆ ತನ್ನಿ. ಅದರ ಪಕ್ಕದಲ್ಲಿ ನಿಮ್ಮ ಮಗು ನಮ್ಮ ಕಡೆಯ ಎಳೆ ರಂಗೋಲಿಯನ್ನೇ ಕೆತ್ತಲಿ, ಏನೂ ತಪ್ಪಿಲ್ಲ. ಮೇರಿ ಸ್ಕಾಟ್ಲೆಂಡಿನ ಗಂಟನ್ನು ತಂದ ಹಾಗೆ. ಎರಡೂ ಒಂದೇ ಆವಿಗೆಯಲ್ಲಿ ಬೆಂದು, ಒಂದೇ ಗೋಡೆಯಲ್ಲಿ ಕೂರುತ್ತವೆ.

ಕೆಲವು ಸೊಟ್ಟಗಾಗುತ್ತವೆ, ಕೆಲವು ಬಿರುಕು ಬಿಡುತ್ತವೆ. ಬಿಡಲಿ. ಹತ್ತು ವರ್ಷ ಆದಮೇಲೆ ಮನೆ ಬದಲಾಯಿಸಿ ಬೇರೆ ನಗರಕ್ಕೆ ಹೋದರೂ, ಆ ಗೋಡೆಯಲ್ಲಿ ನಿಮ್ಮ ಬೆರಳಿನ ಗುರುತು ಇರುತ್ತೆ. ಮಾರಾಟದ ಕರಾರಿನಲ್ಲಿ ಅದು ಬರಲ್ಲ, ಯಾರೂ ಅದನ್ನು ವರ್ಗಾಯಿಸಿಕೊಳ್ಳೋಕೂ ಆಗಲ್ಲ.

ನಿಮ್ಮ ಸೊಸೈಟಿಯ ಮುಂದಿನ ಮೀಟಿಂಗ್‌ನಲ್ಲಿ ಪಾರ್ಕಿಂಗ್ ಜಗಳ, ನೀರಿನ ಟ್ಯಾಂಕರ್ ಲೆಕ್ಕ ಎಲ್ಲ ಮುಗಿದ ಮೇಲೆ ಐದು ನಿಮಿಷ ಈ ಮಾತು ಎತ್ತಿ ನೋಡಿ. ನಾನೂ ಈ ತಿಂಗಳು ಎತ್ತುತ್ತಾ ಇದ್ದೀನಿ. ಮುಂದಿನ ಮಾತಿನಲ್ಲಿ ಸಿಗೋಣ. ನಮಸ್ಕಾರ.